ಹಳೆಯ ವಿಕಿರಣಶೀಲ ತ್ಯಾಜ್ಯಕ್ಕೆ ವಾರಸುದಾರರು ಯಾರು?

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಒಂದು ಹಳೆಯ ಯಂತ್ರವನ್ನು ಬಿಚ್ಚಿದರು. ಕವಚದ ಸೀಸಕ್ಕೆ ಒಳ್ಳೆಯ ಬೆಲೆ ಬರುತ್ತಿತ್ತು. ಒಳಗಿದ್ದ ಲೋಹದ ಕಡ್ಡಿಗಳು ವಿಕಿರಣಶೀಲ ಕೋಬಾಲ್ಟ್-60 ಎಂಬುದು ಬಿಚ್ಚಿದವರಿಗೆ ತಿಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಅವುಗಳ ಹತ್ತಿರ ಇದ್ದವರ ಚರ್ಮ ಕಪ್ಪಾಯಿತು, ಕೂದಲು ಉದುರಿತು. ಆಸ್ಪತ್ರೆ ಸೇರಿದವರಲ್ಲಿ ಒಬ್ಬರು ತೀರಿಕೊಂಡರು. ಮೂಲ ಹುಡುಕುತ್ತಾ ಹೋದಾಗ ಆ ಯಂತ್ರ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ್ದು ಎಂದು ಗೊತ್ತಾಯಿತು. 1970ರ ಆಸುಪಾಸಿನಲ್ಲಿ ಪ್ರಯೋಗಗಳಿಗೆಂದು ಕೆನಡಾದಿಂದ ತರಿಸಿದ್ದ ಗಾಮಾ ವಿಕಿರಣ ಯಂತ್ರ ಅದು. 1985ರಿಂದ ಯಾರೂ ಬಳಸಿರಲಿಲ್ಲ. 2010ರ ಫೆಬ್ರುವರಿಯಲ್ಲಿ ಹರಾಜಿಗೆ ಹೋಯಿತು.

ಕಾಲು ಶತಮಾನ ಕೊಠಡಿಯೊಳಗೆ ಸುಮ್ಮನೆ ಬಿದ್ದಿದ್ದಾಗ ಅದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಅದರೊಳಗೆ ಏನಿದೆ ಎಂದು ಎಚ್ಚರಿಸುವವರು ಯಾರೂ ಇಲ್ಲದಾಗ ಅನಾಹುತ ಆಯಿತು. ಹಳೆಯ ವಿಕಿರಣಶೀಲ ತ್ಯಾಜ್ಯದ ನಿಯಂತ್ರಣವನ್ನು ವಿವರಿಸಲು ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ. ಸೀಸ, ಕಾಂಕ್ರೀಟು, ಗಾಜು ಎಲ್ಲವೂ ಬೇಕು. ಅವೆಲ್ಲಕ್ಕಿಂತ ಮೊದಲು ವಾರಸುದಾರಿಕೆ ಬೇಕು. ಈ ವಸ್ತು ಯಾರದು, ಈಗ ಎಲ್ಲಿದೆ, ಲೆಕ್ಕ ಇಡುವವರು ಯಾರು, ಆ ಲೆಕ್ಕ ಸರಿಯೇ ಎಂದು ನೋಡುವವರು ಯಾರು, ಅವರೆಲ್ಲ ನಿವೃತ್ತರಾದ ಮೇಲೆ ಹೊಣೆ ಯಾರ ಹೆಗಲಿಗೆ? ಈ ಪ್ರಶ್ನೆಗಳಿಗೆ ಎಂದೂ ಉತ್ತರ ತಪ್ಪದಂತೆ ನೋಡಿಕೊಳ್ಳುವುದೇ ಕಾನೂನಿನ ಕೆಲಸ.

ಮೈಸೂರು, ಮಂಡ್ಯದ ಓದುಗರಿಗೆ ದೆಹಲಿಯ ಗುಜರಿ ಅಂಗಡಿ ದೂರದ ಮಾತು ಅನಿಸಬಹುದು. ಆದರೆ ನಮ್ಮಲ್ಲಿ ಶತಮಾನ ದಾಟಿದ ವಿಶ್ವವಿದ್ಯಾಲಯವಿದೆ, ಅಷ್ಟೇ ವಯಸ್ಸಿನ ವೈದ್ಯಕೀಯ ಕಾಲೇಜಿದೆ, ಕ್ಯಾನ್ಸರ್ ಆಸ್ಪತ್ರೆಗಳಿವೆ, ಬೀಗ ಬಿದ್ದ ಕಾರ್ಖಾನೆಗಳಿವೆ, ದೊಡ್ಡ ಗುಜರಿ ವ್ಯಾಪಾರವಿದೆ. ಇಲವಾಲದ ಬಳಿಯ ರತ್ನಹಳ್ಳಿಯಲ್ಲಿ ದೇಶದ ಯುರೇನಿಯಂ ಪುಷ್ಟೀಕರಣ ಘಟಕವೂ ಇದೆ. ಈ ವಿಷಯದ ಎಲ್ಲ ಮಜಲುಗಳೂ ನಮ್ಮ ಊರ ಸುತ್ತಲೇ ಇವೆ.

ಕಾಲವೇ ಅಳತೆಗೋಲು

ವಿಕಿರಣಶೀಲ ವಸ್ತು ತಾನಾಗಿಯೇ ಕ್ಷೀಣಿಸುತ್ತದೆ. ಸುಡುವುದರಿಂದ, ಕರಗಿಸುವುದರಿಂದ, ರಾಸಾಯನಿಕ ಬೆರೆಸುವುದರಿಂದ ಅದರ ವೇಗ ಬದಲಾಗುವುದಿಲ್ಲ. ಅರ್ಧದಷ್ಟು ಕ್ಷೀಣಿಸಲು ಹಿಡಿಯುವ ಕಾಲವನ್ನು ಅರ್ಧಾಯು ಎನ್ನುತ್ತೇವೆ. ಹತ್ತು ಅರ್ಧಾಯು ಕಳೆದರೆ ಮೂಲದ ಸುಮಾರು ಸಾವಿರದಲ್ಲಿ ಒಂದು ಭಾಗ ಉಳಿಯುತ್ತದೆ. ಸ್ಕ್ಯಾನಿಂಗ್‌ಗೆ ಬಳಸುವ ಟೆಕ್ನೀಷಿಯಂ-99ಎಂ ವಸ್ತುವಿನ ಅರ್ಧಾಯು 6 ಗಂಟೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131ಕ್ಕೆ 8 ದಿನ, ಕೋಬಾಲ್ಟ್-60ಕ್ಕೆ ಐದೂಕಾಲು ವರ್ಷ, ಸೀಸಿಯಂ-137ಕ್ಕೆ 30 ವರ್ಷ, ರೇಡಿಯಂ-226ಕ್ಕೆ 1,600 ವರ್ಷ, ಪ್ಲುಟೋನಿಯಂ-239ಕ್ಕೆ ಸುಮಾರು 24,000 ವರ್ಷ. ಯುರೇನಿಯಂ-238ರದು 450 ಕೋಟಿ ವರ್ಷ, ಹೆಚ್ಚುಕಡಿಮೆ ಭೂಮಿಯ ವಯಸ್ಸು.

ದೀರ್ಘಾಯುಷ್ಯ ಎಂದರೆ ಹೆಚ್ಚು ಅಪಾಯ ಎಂದು ಬಹಳ ಜನ ಭಾವಿಸುತ್ತಾರೆ. ಲೆಕ್ಕ ತಿರುವುಮುರುವಾಗಿದೆ. ಬೇಗ ಕ್ಷೀಣಿಸುವ ವಸ್ತು ಅಲ್ಪಕಾಲದಲ್ಲೇ ತನ್ನ ವಿಕಿರಣವನ್ನೆಲ್ಲ ಹೊರಹಾಕುತ್ತದೆ, ಆದ್ದರಿಂದ ಅದೇ ತೂಕಕ್ಕೆ ಹೋಲಿಸಿದರೆ ಅದು ಉಗ್ರ. ಯುರೇನಿಯಂ ನಿಧಾನ, ಹೀಗಾಗಿ ಸೌಮ್ಯ. ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲೂ ಅದರ ಅಂಶ ಸಹಜವಾಗಿಯೇ ಇದೆ. ಅತ್ಯಂತ ಕಷ್ಟ ಕೊಡುವವು ನಡುವಿನವು: ಕೊಲ್ಲುವಷ್ಟು ಉಗ್ರ, ಮನುಷ್ಯನ ನೆನಪನ್ನು ಮೀರುವಷ್ಟು ದೀರ್ಘ. ಮಾಯಾಪುರಿಯ ಕೋಬಾಲ್ಟ್ 40 ವರ್ಷಗಳಲ್ಲಿ ಮೂಲದ ಇನ್ನೂರರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು. ಆದರೂ ಒಂದು ಪ್ರಾಣ ತೆಗೆಯಲು ಅಷ್ಟು ಸಾಕಾಯಿತು. ಒಬ್ಬ ಪ್ರಾಧ್ಯಾಪಕರ ಇಡೀ ಸೇವಾವಧಿ ಮುಗಿದರೂ ಆ ವಸ್ತುವಿನ ಅಪಾಯ ಮುಗಿದಿರಲಿಲ್ಲ.

ಆದ್ದರಿಂದಲೇ ಕಾನೂನು ಎಲ್ಲ ತ್ಯಾಜ್ಯವನ್ನೂ ಒಂದೇ ರೀತಿ ನೋಡುವುದಿಲ್ಲ. ಎಷ್ಟು ಉಗ್ರ, ಎಷ್ಟು ಕಾಲ ಎಂಬ ಎರಡನ್ನು ನೋಡಿ ದಾರಿ ಗೊತ್ತುಮಾಡುತ್ತದೆ. ಬೇಗ ಕ್ಷೀಣಿಸುವುದನ್ನು ಕಾಯ್ದಿಟ್ಟು ನಂತರ ಸಾಮಾನ್ಯ ಕಸದಂತೆ ಬಿಡುವುದು, ನಡುವಿನದನ್ನು ನೆಲದ ಮೇಲ್ಪದರದಲ್ಲಿ ಕಾಂಕ್ರೀಟಿನೊಳಗೆ ಇಡುವುದು, ದೀರ್ಘಕಾಲದ್ದನ್ನು ಆಳದ ಬಂಡೆಗೆ ಒಪ್ಪಿಸುವುದು. ಮೊದಲ ಎರಡನ್ನು ನಾವು ಮಾಡುತ್ತಿದ್ದೇವೆ. ಮೂರನೆಯದಕ್ಕೆ ಭಾರತದಲ್ಲಿ ಇನ್ನೂ ಜಾಗವೇ ಇಲ್ಲ.

ನಮ್ಮ ಸುತ್ತಲಿನ ಸಣ್ಣ ಸಂಗತಿಗಳು

ಆಸ್ಪತ್ರೆಯಿಂದ ಆರಂಭಿಸೋಣ. ಥೈರಾಯ್ಡ್ ಕ್ಯಾನ್ಸರ್‌ಗೆ ಹೆಚ್ಚು ಪ್ರಮಾಣದ ಅಯೋಡಿನ್-131 ಪಡೆದ ರೋಗಿಯನ್ನು ಕೆಲವು ದಿನ ಪ್ರತ್ಯೇಕ ಕೊಠಡಿಯಲ್ಲಿ ಇಡುತ್ತಾರೆ. ಆ ಕೊಠಡಿಯ ಶೌಚದ ನೀರು ಊರ ಒಳಚರಂಡಿಗೆ ನೇರವಾಗಿ ಹೋಗುವಂತಿಲ್ಲ. ನೆಲದಡಿಯಲ್ಲಿ ಜೋಡಿ ತೊಟ್ಟಿಗಳಿರುತ್ತವೆ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ, ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಾರೆ. ಮುಚ್ಚಿದ ತೊಟ್ಟಿಯ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತಾ ಬರುತ್ತದೆ. 80 ದಿನ ಕಳೆದರೆ ಸಾವಿರದಲ್ಲಿ ಒಂದು ಭಾಗ. ಅಳತೆ ಮಾಡಿ, ಮಿತಿಯೊಳಗೆ ಬಂದಿದೆ ಎಂದು ದಾಖಲಿಸಿದ ಮೇಲೆ ಹೊರಬಿಡಬೇಕು. ವಿಕಿರಣಶೀಲ ತ್ಯಾಜ್ಯದ ವಿಲೇವಾರಿ ಇಷ್ಟು ಸರಳವಾಗಿ, ಇಷ್ಟು ಪೂರ್ಣವಾಗಿ ಮುಗಿಯುವ ಜಾಗ ಇದೊಂದೇ. ಇಲ್ಲಿ ನಿಯಮ ಪಾಲನೆಯಾದರೆ ಊರಿಗೆ ಭಯಪಡುವ ಕಾರಣವಿಲ್ಲ.

ಕಾಲೇಜುಗಳ ವಿಷಯ ಬೇರೆ. ನಾನು ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಕಾಲೇಜಿನ ರಸಾಯನಶಾಸ್ತ್ರ ಉಗ್ರಾಣದಲ್ಲಿ ಹಳದಿ ಪುಡಿಯ ಬಾಟಲಿಗಳಿದ್ದವು. ಲೇಬಲ್ ಮಾಸಿದ್ದರೂ ಯುರೇನಿಲ್ ಅಸಿಟೇಟ್ ಎಂದು ಓದಲು ಬರುತ್ತಿತ್ತು. ಸೋಡಿಯಂ ಪತ್ತೆ ಮಾಡುವ ಪ್ರಯೋಗಕ್ಕೆ ಒಂದು ಕಾಲದಲ್ಲಿ ಎಲ್ಲ ಕಡೆಯೂ ಅದನ್ನು ತರಿಸುತ್ತಿದ್ದರು. ಅದರ ಆಲ್ಫಾ ಕಣಗಳನ್ನು ಬಾಟಲಿಯ ಗಾಜೇ ತಡೆಯುತ್ತದೆ. ಪುಡಿ ಹೊಟ್ಟೆಗೋ ಶ್ವಾಸಕ್ಕೋ ಹೋದರೆ ಮೂತ್ರಪಿಂಡಕ್ಕೆ ಹಾನಿ. ಅದು ಎಷ್ಟಿದೆ, ಯಾವಾಗ ಬಂತು ಎಂಬುದು ದಾಸ್ತಾನು ಪುಸ್ತಕದ ಯಾವುದೋ ಹಳೆಯ ಸಂಪುಟದಲ್ಲಿತ್ತು. ಹೊಸದಾಗಿ ಬಂದ ಅಧ್ಯಾಪಕರಿಗೆ ಆ ಸಂಪುಟದ ಪರಿಚಯವಿರಲಿಲ್ಲ. ಹಳೆಯ ಪ್ರಯೋಗಾಲಯಗಳಲ್ಲಿ ಇಂತಹ ಬಾಟಲಿಗಳು, ವಿಕಿರಣ ಅಳೆಯುವ ಗೈಗರ್ ಪ್ರಯೋಗದ ಬಿಲ್ಲೆಗಳು ಸಾಮಾನ್ಯ. ಇವು ಮಾಯಾಪುರಿಯಷ್ಟು ಘೋರ ಖಂಡಿತ ಅಲ್ಲ. ಆದರೆ ನೆನಪು ಅಳಿಸಿಹೋಗುವ ರೀತಿ ಮಾತ್ರ ಎರಡೂ ಕಡೆ ಒಂದೇ.

ಮಂಡ್ಯದ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕಕ್ಕೆ ಬೆಳಕು ಕೊಡುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್‌ನಲ್ಲಿ ಥೋರಿಯಂ ಇತ್ತು. ಆ ಬಿಳುಪಾದ ಬೆಳಕಿಗೆ ಥೋರಿಯಂ ಆಕ್ಸೈಡ್ ಮತ್ತು ಅದರ ಜೊತೆಗಿದ್ದ ಅಲ್ಪ ಸೀರಿಯಂ ಆಕ್ಸೈಡ್ ಕಾರಣ. ಪ್ರಮಾಣ ಅತ್ಯಲ್ಪವಾದ್ದರಿಂದ ಬಳಸಿದವರು ಹೆದರಬೇಕಾದದ್ದೇನಿಲ್ಲ. ಇಂತಹ ವಸ್ತುಗಳಿಗೆ ಕಾನೂನು ವಿನಾಯಿತಿ ಕೊಡುತ್ತದೆ, ಕೊಡಬೇಕು ಕೂಡ. ಎಲ್ಲದರ ಹಿಂದೆ ಬಿದ್ದರೆ ನಿಜವಾದ ಅಪಾಯದ ಮೇಲಿನ ಗಮನ ಚದುರುತ್ತದೆ.

ನಿಜವಾದ ಅಪಾಯ ಇರುವುದು ಮೊಹರು ಹಾಕಿದ ಉಗ್ರ ಮೂಲಗಳಲ್ಲಿ, ಅಂದರೆ ಲೋಹದ ಕೋಶದೊಳಗೆ ಮುಚ್ಚಿಟ್ಟ ವಿಕಿರಣಶೀಲ ವಸ್ತುಗಳಲ್ಲಿ. ಹಳೆಯ ಕೋಬಾಲ್ಟ್ ಚಿಕಿತ್ಸಾ ಯಂತ್ರಗಳು, ಕೊಳವೆಗಳ ಬೆಸುಗೆ ಪರೀಕ್ಷಿಸುವ ಇರಿಡಿಯಂ-192 ಕ್ಯಾಮೆರಾಗಳು, ಕಾಗದ ಮತ್ತು ಸಿಮೆಂಟ್ ಕಾರ್ಖಾನೆಗಳಲ್ಲಿ ದಪ್ಪ, ಮಟ್ಟ ಅಳೆಯುವ ಉಪಕರಣಗಳು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಖಾಲಿ ಬಿದ್ದಿದ್ದ ಚಿಕಿತ್ಸಾಲಯದಿಂದ ಸೀಸಿಯಂ ಇದ್ದ ಯಂತ್ರದ ಭಾಗವನ್ನು ಇಬ್ಬರು ಹೊತ್ತೊಯ್ದರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿಯನ್ನು ಬಂಧುಬಳಗದವರು ಹಂಚಿಕೊಂಡರು. ನಾಲ್ವರು ಸತ್ತರು, ಅವರಲ್ಲಿ ಆರು ವರ್ಷದ ಒಂದು ಹುಡುಗಿ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆಗೆ ಒಳಪಡಿಸಬೇಕಾಯಿತು, ಮನೆಗಳನ್ನು ಕೆಡವಬೇಕಾಯಿತು. ಅಂಗೈಯಲ್ಲಿ ಹಿಡಿಯುವಷ್ಟು ಪುಡಿಯಿಂದ ಸುಮಾರು 3,500 ಘನ ಮೀಟರ್ ತ್ಯಾಜ್ಯ ಹುಟ್ಟಿತು.

ಗುಜರಿಗೆ ಬಿದ್ದ ಮೂಲ ಕುಲುಮೆಗೂ ಹೋಗಬಹುದು. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಆ ಉಕ್ಕು ಭಾರತದಿಂದ ಹೋಗಿತ್ತು. ಯಾವುದೋ ಒಂದು ಯಂತ್ರ ಎಲ್ಲೋ ಲೆಕ್ಕದಿಂದ ತಪ್ಪಿಸಿಕೊಂಡು, ಕರಗಿ, ಸಮುದ್ರ ದಾಟಿ, ಯಾರದೋ ಬೆರಳ ತುದಿಗೆ ತಾಗುವಲ್ಲಿಗೆ ಬಂದಿತ್ತು.

ಕೊಳ್ಳುವಾಗಲೇ ವಿಲೇವಾರಿಯ ಮಾತು

ಭಾರತದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಅಣುಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. 1983ರ ನವೆಂಬರ್‌ನಲ್ಲಿ ಸ್ಥಾಪನೆಯಾಯಿತು. ಅಣುಶಕ್ತಿ ಕಾಯ್ದೆಯಡಿ 1987ರಲ್ಲಿ ವಿಕಿರಣಶೀಲ ತ್ಯಾಜ್ಯದ ಸುರಕ್ಷಿತ ವಿಲೇವಾರಿ ನಿಯಮಗಳು ಬಂದವು, 2004ರಲ್ಲಿ ವಿಕಿರಣ ರಕ್ಷಣೆಯ ನಿಯಮಗಳು. ಇವುಗಳ ತಿರುಳು ಹೀಗಿದೆ. ಅನುಮತಿ ಇಲ್ಲದೆ ಯಾರೂ ವಿಕಿರಣಶೀಲ ತ್ಯಾಜ್ಯವನ್ನು ಹೂಳುವಂತಿಲ್ಲ, ಹೊರಬಿಡುವಂತಿಲ್ಲ, ಕೈ ಬದಲಿಸುವಂತಿಲ್ಲ. ಪ್ರತಿಯೊಂದು ಸಂಸ್ಥೆಯಲ್ಲೂ ವಿಕಿರಣ ಸುರಕ್ಷಾ ಅಧಿಕಾರಿ ಇರಬೇಕು. ಸಾರ್ವಜನಿಕರಿಗೆ ಇಂತಹ ಚಟುವಟಿಕೆಗಳಿಂದ ತಾಗುವ ವಿಕಿರಣ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ಮೀರಬಾರದು. ನಿಸರ್ಗದಿಂದ ನಮಗೆ ಸಿಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮಿತಿ ಎಷ್ಟು ಬಿಗಿ ಎಂದು ತಿಳಿಯುತ್ತದೆ.

ವಿದೇಶದಿಂದ ಉಗ್ರ ಮೂಲವೊಂದನ್ನು ತರಿಸುವ ಆಸ್ಪತ್ರೆ, ಅದರ ಉಪಯೋಗ ಮುಗಿದ ಮೇಲೆ ಮಾರಿದವರಿಗೇ ಹಿಂತಿರುಗಿಸುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಬೇಕು. ಇಲ್ಲಿಯೇ ತಯಾರಾದದ್ದಾದರೆ ಅಣುಶಕ್ತಿ ಇಲಾಖೆಯ ಗೊತ್ತುಪಡಿಸಿದ ಕೇಂದ್ರಕ್ಕೆ ಕಳುಹಿಸಬೇಕು. ಪರವಾನಗಿ, ವರ್ಗಾವಣೆ, ಹಿಂತಿರುಗಿಸಿದ ದಾಖಲೆ ಎಲ್ಲವೂ ಈಗ ಎಲೋರಾ ಎಂಬ ಗಣಕೀಕೃತ ವ್ಯವಸ್ಥೆಯಲ್ಲಿ ಸಾಗುತ್ತವೆ. ವಸ್ತು ಬರುವ ದಿನವೇ ಅದು ಹೋಗುವ ದಾರಿಯನ್ನು ಬರೆದಿಡುವ ಈ ಕ್ರಮ ನನಗೆ ಬಹಳ ಮೆಚ್ಚುಗೆ. ಪ್ಲಾಸ್ಟಿಕ್, ಬ್ಯಾಟರಿ, ಸೌರಫಲಕಗಳ ವಿಷಯದಲ್ಲೂ ಹೀಗೆಯೇ ಇರಬೇಕಿತ್ತು.

ಈ ಕ್ರಮ ಬರುವುದಕ್ಕೆ ಮೊದಲು ಬಂದ ವಸ್ತುಗಳದ್ದೇ ತೊಡಕು. ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು, 2012ರಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಾರ್ಯವೈಖರಿಯ ಬಗ್ಗೆ ಕೊಟ್ಟ ವರದಿಯನ್ನು ಈ ವಿಷಯದಲ್ಲಿ ಆಸಕ್ತಿ ಇರುವ ಪ್ರತಿಯೊಬ್ಬರೂ ಓದಬೇಕು. ದೇಶದ ಎಲ್ಲ ವಿಕಿರಣ ಮೂಲಗಳ ಪೂರ್ಣ ಪಟ್ಟಿ ಮಂಡಳಿಯ ಬಳಿ ಇಲ್ಲ, ಉಪಯೋಗ ಮುಗಿದ ಮೂಲಗಳು ಸುರಕ್ಷಿತವಾಗಿ ವಿಲೇವಾರಿಯಾಗಿವೆ ಎಂದು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಸಾಲದು ಎಂದು ಅದು ಹೇಳಿತು. ವೈದ್ಯಕೀಯ ಎಕ್ಸ್‌-ರೇ ಘಟಕಗಳಲ್ಲಿ ಶೇ 90ಕ್ಕೂ ಹೆಚ್ಚು ನೋಂದಣಿಯೇ ಆಗಿರಲಿಲ್ಲ. ಎಕ್ಸ್‌-ರೇ ಯಂತ್ರದ ವಿದ್ಯುತ್ ತೆಗೆದರೆ ವಿಕಿರಣವೂ ನಿಲ್ಲುತ್ತದೆ, ಅದರಿಂದ ತ್ಯಾಜ್ಯವಿಲ್ಲ. ಆದರೆ ಕಣ್ಣೆದುರಿನ ಯಂತ್ರಗಳ ಲೆಕ್ಕವೇ ಹೀಗಿದ್ದರೆ, ಬೀಗ ಹಾಕಿದ ಕೊಠಡಿಗಳ ಲೆಕ್ಕ ಹೇಗಿದ್ದೀತು?

ಗಾಜಿನೊಳಗೆ ಬಂಧಿಸಿ, ಬಂಡೆಯೊಳಗೆ ಇಡುವುದು

ಅಣು ವಿದ್ಯುತ್ ಸ್ಥಾವರಗಳ ತ್ಯಾಜ್ಯ ಬೇರೆಯೇ ಮಟ್ಟದ್ದು. ಕೈಗಾದಲ್ಲಿ ಕೈಗವಸು, ಬಟ್ಟೆ, ಶೋಧಕಗಳಂತಹ ಕಡಿಮೆ ಮತ್ತು ಮಧ್ಯಮ ಮಟ್ಟದ ತ್ಯಾಜ್ಯಕ್ಕೆ ಸ್ಥಾವರದ ಆವರಣದಲ್ಲೇ ವಿಲೇವಾರಿ ನೆಲೆ ಇದೆ. ಉಗ್ರತೆಗೆ ತಕ್ಕಂತೆ ಕಲ್ಲು ಕಟ್ಟಿದ ಕಂದಕ, ಕಾಂಕ್ರೀಟಿನ ಕಂದಕ, ಇನ್ನೂ ಉಗ್ರವಾದದ್ದಕ್ಕೆ ನೆಲಕ್ಕೆ ನೇರ ಇಳಿಸಿದ ಕೊಳವೆ ಗುಂಡಿಗಳು. ಸುತ್ತ ಕೊಳವೆಬಾವಿಗಳನ್ನು ಕೊರೆದು ಅಂತರ್ಜಲವನ್ನು ಆಗಾಗ ಪರೀಕ್ಷಿಸುತ್ತಾರೆ. ಇಂತಹ ನೆಲೆಗಳ ಮೇಲೆ ಸುಮಾರು 300 ವರ್ಷ ಕಾವಲು ಬೇಕು ಎಂಬುದು ಲೆಕ್ಕ. ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90ರ ಅರ್ಧಾಯು 30 ವರ್ಷದ ಆಸುಪಾಸು, ಹತ್ತು ಅರ್ಧಾಯು ಅಂದರೆ 300. ಈಗಿನಿಂದ 300 ವರ್ಷ ಹಿಂದಕ್ಕೆ ಹೋದರೆ ಹೈದರಾಲಿ ಬಾಲಕ. ಆ ಕಾಲದಿಂದ ಮೈಸೂರಿನಲ್ಲಿ ಎಷ್ಟು ಆಡಳಿತ ಬದಲಾಗಿದೆ, ಎಷ್ಟು ಕಡತ ಉಳಿದಿದೆ ಎಂದು ಯೋಚಿಸಿದರೆ 300 ವರ್ಷ ಕಾವಲು ಎಂಬ ಮಾತಿನ ತೂಕ ಅರ್ಥವಾಗುತ್ತದೆ.

ಬಳಸಿದ ಇಂಧನವನ್ನು ಮರುಸಂಸ್ಕರಿಸಿದಾಗ ಉಳಿಯುವ ದ್ರವವೇ ಅತ್ಯುಗ್ರ ತ್ಯಾಜ್ಯ. ಗಾತ್ರದಲ್ಲಿ ಅಲ್ಪ, ಆದರೆ ಒಟ್ಟು ವಿಕಿರಣಶೀಲತೆಯ ಬಹುಪಾಲು ಅದರಲ್ಲಿದೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಅದನ್ನು ಬೋರೋಸಿಲಿಕೇಟ್ ಗಾಜಿನೊಂದಿಗೆ ಕರಗಿಸಿ ಉಕ್ಕಿನ ಡಬ್ಬಿಗಳಿಗೆ ಸುರಿಯುತ್ತಾರೆ. ಬಣ್ಣದ ಗಾಜಿನ ಬಳೆಯಲ್ಲಿ ಬಣ್ಣ ಮೇಲೆ ಬಳಿದದ್ದಾಗಿರದೆ ಗಾಜಿನೊಳಗೇ ಕರಗಿರುವಂತೆ, ಇಲ್ಲಿ ತ್ಯಾಜ್ಯದ ಧಾತುಗಳು ಗಾಜಿನ ರಚನೆಯ ಭಾಗವಾಗುತ್ತವೆ. ಗಾಜು ಒಡೆದರೂ ಅವು ಸುಲಭವಾಗಿ ನೀರಿಗೆ ಇಳಿಯುವುದಿಲ್ಲ. ಶಾಖ ತಗ್ಗಲು ಆ ಡಬ್ಬಿಗಳನ್ನು ದಶಕಗಳ ಕಾಲ ಗಾಳಿ ಹರಿಯುವ ಕೋಣೆಗಳಲ್ಲಿ ಇಡಬೇಕು. ಆಮೇಲೆ ಆಳದ ಬಂಡೆ.

ಯಾವ ಬಂಡೆ? ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ಸುಮಾರು 1,000 ಮೀಟರ್ ಆಳದ ಕೋಣೆಯೊಂದರಲ್ಲಿ ಬಾರ್ಕ್, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂಡೆಯನ್ನು ವಿದ್ಯುತ್ ಹೀಟರ್‌ಗಳಿಂದ ಕಾಯಿಸಿ, ಶಾಖಕ್ಕೆ ಅದು ಹೇಗೆ ಹಿಗ್ಗುತ್ತದೆ, ಬಿರುಕು ಬಿಡುತ್ತದೆಯೇ ಎಂದು ವರ್ಷಗಟ್ಟಲೆ ಅಳೆದರು. ಅಲ್ಲಿ ತ್ಯಾಜ್ಯವನ್ನು ಇಟ್ಟಿರಲಿಲ್ಲ. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಕೋಲಾರದ ಗಣಿಗಳ ಹೆಸರು ಪ್ರಸ್ತಾಪವಾದಾಗ ಜಿಲ್ಲೆ ಸಿಡಿದೆದ್ದಿತು. ಅಂತಹ ಯೋಜನೆ ಇಲ್ಲ ಎಂದು ಅಧಿಕಾರಿಗಳು ಆಮೇಲೆ ಸ್ಪಷ್ಟಪಡಿಸಬೇಕಾಯಿತು. ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಸೈನೈಡ್ ದೂಳಿನ ದಿಬ್ಬಗಳನ್ನು ಉಳಿಸಿಕೊಂಡ ಊರು ಅದು. ತನ್ನ ಹೆಸರನ್ನು ದೆಹಲಿಯ ನ್ಯಾಯಾಲಯದ ಸುದ್ದಿಯಲ್ಲಿ ಮೊದಲ ಬಾರಿಗೆ ಕೇಳಿದ ಆ ಜನರ ಸಿಟ್ಟು ನ್ಯಾಯವಾದದ್ದು.

ಫಿನ್ಲೆಂಡ್ ಬೇರೆ ದಾರಿ ಹಿಡಿಯಿತು. 1987ರ ಅಲ್ಲಿನ ಕಾಯ್ದೆಯ ಪ್ರಕಾರ, ತ್ಯಾಜ್ಯದ ನೆಲೆ ಎಲ್ಲಿ ಬರಬೇಕೋ ಆ ಊರಿನ ಸ್ಥಳೀಯ ಆಡಳಿತ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಯುರಾಯೋಕಿ ಎಂಬ ಊರಿನ ಸ್ಥಳೀಯ ಸಂಸ್ಥೆ 2000ನೇ ಇಸವಿಯಲ್ಲಿ ಒಪ್ಪಿತು, ಮರುವರ್ಷ ಸಂಸತ್ತು ಅನುಮೋದಿಸಿತು. 400 ಮೀಟರ್‌ಗೂ ಹೆಚ್ಚು ಆಳದಲ್ಲಿ ಪುರಾತನ ಬಂಡೆಯೊಳಗೆ ಓಂಕಲೋ ನೆಲೆ ಸಿದ್ಧವಾದದ್ದು ಆ ಒಪ್ಪಿಗೆಯ ಮೇಲೆ. ಬೇಡ ಎನ್ನುವ ಹಕ್ಕು ಕೈಯಲ್ಲಿದ್ದ ಕಾರಣಕ್ಕೇ ಆ ಊರಿನವರು ಕುಳಿತು ಕೇಳಿಸಿಕೊಂಡರು ಎಂದು ನಾನು ನಂಬುತ್ತೇನೆ.

ರತ್ನಹಳ್ಳಿ ಯಾರ ಕಣ್ಗಾವಲಿನಲ್ಲಿದೆ

ಈಗ ನಮ್ಮ ಬಾಗಿಲಿಗೆ ಬರೋಣ. ರತ್ನಹಳ್ಳಿಯ ಘಟಕ ಬಾರ್ಕ್‌ಗೆ ಸೇರಿದ್ದು. ಗಣಿಯಿಂದ ಬರುವ ಯುರೇನಿಯಂನಲ್ಲಿ ಯುರೇನಿಯಂ-235ರ ಪಾಲು ಶೇ 0.7 ಮಾತ್ರ. ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಅತಿವೇಗವಾಗಿ ತಿರುಗುವ ಸಿಲಿಂಡರುಗಳಲ್ಲಿ ಸುತ್ತಿಸಿ ಆ ಪಾಲನ್ನು ಹೆಚ್ಚಿಸುವುದೇ ಪುಷ್ಟೀಕರಣ. ಇಂತಹ ಯಾವುದೇ ಘಟಕದಲ್ಲಿ 235 ಕಡಿಮೆಯಾದ ಯುರೇನಿಯಂ ಉಪೋತ್ಪನ್ನವಾಗಿ ಉಳಿಯುತ್ತದೆ. ಅದು ಅಣು ಸ್ಥಾವರದ ತ್ಯಾಜ್ಯದಷ್ಟು ಉಗ್ರವಲ್ಲ. ಆ ಅನಿಲ ತೇವದ ಗಾಳಿಗೆ ಸೋಕಿದಾಗ ಹುಟ್ಟುವ ಹೈಡ್ರೋಫ್ಲೋರಿಕ್ ಆಮ್ಲದ ಅಪಾಯವೇ ವಿಕಿರಣಕ್ಕಿಂತ ತಕ್ಷಣದ್ದು.

ಹಾಗಾದರೆ ಈ ಘಟಕದ ಸುರಕ್ಷತೆ, ತ್ಯಾಜ್ಯ ಇವನ್ನು ನೋಡುವವರು ಯಾರು? ಅಣುಶಕ್ತಿ ನಿಯಂತ್ರಣ ಮಂಡಳಿ ಎಂದು ಸಹಜವಾಗಿ ಉತ್ತರಿಸುತ್ತೇವೆ. ಆದರೆ 2000ನೇ ಇಸವಿಯಲ್ಲಿ ಸರ್ಕಾರ ಬಾರ್ಕ್‌ನ ಘಟಕಗಳನ್ನು ಮಂಡಳಿಯ ವ್ಯಾಪ್ತಿಯಿಂದ ಹೊರತಂದಿತು. ಅಂದಿನಿಂದ ಬಾರ್ಕ್‌ನೊಳಗೇ ಇರುವ ಸುರಕ್ಷತಾ ಪರಿಷತ್ತು ಬಾರ್ಕ್‌ನ ಘಟಕಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿ ಕೆಲಸ ಮಾಡುವವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ರಕ್ಷಣೆಗೆ ಸಂಬಂಧಿಸಿದ ಗುಟ್ಟು ಕಾಯಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ಮಾಡುವವರೂ ಪರೀಕ್ಷಿಸುವವರೂ ಒಂದೇ ಮನೆಯವರಾದಾಗ, ತಪ್ಪು ನಡೆದರೆ ಅದು ಹೊರಬರುವ ದಾರಿ ಕಿರಿದಾಗುತ್ತದೆ.

ರಾಜ್ಯದ ಪಾತ್ರ ಏನು? ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಂಜನಗೂಡಿನ ಕಾರ್ಖಾನೆಯ ರಾಸಾಯನಿಕ ತ್ಯಾಜ್ಯವನ್ನು ಪ್ರಶ್ನಿಸಬಹುದು, ಆಸ್ಪತ್ರೆಯ ಬಳಸಿದ ಸೂಜಿಗಳ ಲೆಕ್ಕ ಕೇಳಬಹುದು. ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು, ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ಎರಡೂ ವಿಕಿರಣಶೀಲ ತ್ಯಾಜ್ಯವನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. 1962ರ ಅಣುಶಕ್ತಿ ಕಾಯ್ದೆಯ 18ನೇ ಕಲಂ ಮಾಹಿತಿ ಬಹಿರಂಗಕ್ಕೆ ನಿರ್ಬಂಧ ಹೇರಲು ಕೇಂದ್ರಕ್ಕೆ ಅಧಿಕಾರ ಕೊಟ್ಟಿತ್ತು. ಹೀಗಾಗಿ ಕೆಆರ್‌ಎಸ್ ಹಿನ್ನೀರಿನ ಈ ಭಾಗದ ಜನ, ಅವರ ಗ್ರಾಮ ಪಂಚಾಯಿತಿ, ಅವರ ಜಿಲ್ಲಾಡಳಿತ ಎಲ್ಲರೂ ಭರವಸೆಯ ಮಾತನ್ನು ನಂಬುವ ಸ್ಥಾನದಲ್ಲಷ್ಟೇ ಇದ್ದಾರೆ.

ಹ್ಯಾನ್‌ಫರ್ಡ್‌ನಲ್ಲಿ ರಾಜ್ಯವೊಂದು ಕಂಡುಕೊಂಡ ದಾರಿ

ಇದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನುಭವವನ್ನು ಹೋಲಿಸುವುದು ಉಪಯುಕ್ತ. ಕೊಲಂಬಿಯಾ ನದಿಯ ದಡದ ಹ್ಯಾನ್‌ಫರ್ಡ್‌ನಲ್ಲಿ ನಾಗಸಾಕಿಯ ಬಾಂಬಿನ ಪ್ಲುಟೋನಿಯಂ ತಯಾರಾಯಿತು. ಯುದ್ಧ ಮುಗಿದರೂ ತಯಾರಿಕೆ ದಶಕಗಳ ಕಾಲ ನಿಲ್ಲಲಿಲ್ಲ. ಉಳಿದ ದ್ರವ ತ್ಯಾಜ್ಯ 177 ಭೂಗತ ತೊಟ್ಟಿಗಳಲ್ಲಿ ಸುಮಾರು 21 ಕೋಟಿ ಲೀಟರ್. ಹಳೆಯ ತೊಟ್ಟಿಗಳನ್ನು ಕೆಲವೇ ದಶಕಗಳ ಬಾಳಿಕೆಗೆಂದು ಕಟ್ಟಿದ್ದರು. ಹಲವು ಸೋರಿದವು.

ವಿಕಿರಣದ ವಿಷಯ ಅಲ್ಲಿಯೂ ಕೇಂದ್ರ ಸರ್ಕಾರದ ಏಕಸ್ವಾಮ್ಯ. ಆದರೆ ತೊಟ್ಟಿಗಳಲ್ಲಿ ವಿಕಿರಣಶೀಲ ಧಾತುಗಳ ಜೊತೆ ಅಪಾಯಕಾರಿ ರಾಸಾಯನಿಕಗಳೂ ಇದ್ದವು, ಮತ್ತು ರಾಸಾಯನಿಕ ತ್ಯಾಜ್ಯದ ಕಾನೂನನ್ನು ಜಾರಿ ಮಾಡುವ ಅಧಿಕಾರ ರಾಜ್ಯಕ್ಕಿತ್ತು. ಆ ಹಿಡಿಕೆಯನ್ನು ಹಿಡಿದೇ ವಾಷಿಂಗ್ಟನ್ ರಾಜ್ಯ ಮಾತುಕತೆಗೆ ಕುಳಿತಿತು. 1989ರ ಮೇ ತಿಂಗಳಲ್ಲಿ ಕೇಂದ್ರದ ಇಂಧನ ಇಲಾಖೆ, ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ರಾಜ್ಯ, ಮೂವರೂ ಒಪ್ಪಂದಕ್ಕೆ ಸಹಿ ಹಾಕಿದರು. ಯಾವ ಕೆಲಸ ಯಾವ ದಿನದೊಳಗೆ ಎಂಬ ಗಡುವುಗಳು ಅದರಲ್ಲಿದ್ದವು. 1992ರ ಕಾನೂನು ಇನ್ನೂ ಮುಂದೆ ಹೋಗಿ, ತ್ಯಾಜ್ಯದ ನಿಯಮ ಮುರಿದರೆ ಕೇಂದ್ರದ ಸ್ಥಾವರಗಳಿಗೂ ರಾಜ್ಯಗಳು ದಂಡ ಹಾಕಬಹುದು ಎಂದಿತು.

ಹ್ಯಾನ್‌ಫರ್ಡ್ ಸ್ವಚ್ಛವಾಯಿತೇ? ಇಲ್ಲ, ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋಗಿವೆ, ಕೆಲಸ ಇನ್ನೂ ದಶಕಗಳಷ್ಟು ಬಾಕಿ ಇದೆ. ಆದರೆ ಗಡುವು ಮೀರಿದಾಗ ಅದು ಎಲ್ಲರಿಗೂ ಗೊತ್ತಾಗುತ್ತದೆ, ಕಾರಣ ಕೇಳಲು ಕೋರ್ಟಿಗೆ ಹೋಗುವ ಹಕ್ಕಿರುವ, ರಾಜ್ಯವೆಂಬ ಒಬ್ಬ ವಾದಿ ಅಲ್ಲಿದ್ದಾನೆ.

ಹೊಸ ಕಾಯ್ದೆಯ ಮುಂದಿನ ಕೆಲಸ

2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಎಂಬ ಸಂಕ್ಷಿಪ್ತ ಹೆಸರಿನ ಅಣುಶಕ್ತಿ ಕಾಯ್ದೆಯನ್ನು ಅಂಗೀಕರಿಸಿತು. 1962ರ ಅಣುಶಕ್ತಿ ಕಾಯ್ದೆ, 2010ರ ಅಣು ಹಾನಿ ಹೊಣೆಗಾರಿಕೆ ಕಾಯ್ದೆ ಎರಡರ ಜಾಗಕ್ಕೂ ಅದು ಬಂದಿದೆ. ಚರ್ಚೆಯೆಲ್ಲ ಖಾಸಗಿ ಕಂಪನಿಗಳು ವಿದ್ಯುತ್ ಸ್ಥಾವರ ಕಟ್ಟಬಹುದು ಎಂಬುದರ ಸುತ್ತಲೇ ನಡೆಯಿತು. ತ್ಯಾಜ್ಯದ ದೃಷ್ಟಿಯಿಂದ ಎರಡು ಅಂಶ ಮುಖ್ಯ. ಒಂದು, ನಿಯಂತ್ರಣ ಮಂಡಳಿಗೆ ಕೊನೆಗೂ ಶಾಸನಬದ್ಧ ಸ್ಥಾನ ಸಿಕ್ಕಿದೆ. ಅದಕ್ಕೆ ಮೊದಲು ಮಂಡಳಿ ಸರ್ಕಾರದ ಆದೇಶದಿಂದ ಹುಟ್ಟಿದ ಸಂಸ್ಥೆಯಾಗಿತ್ತು. ಅದರ ಸ್ವಾಯತ್ತತೆಯ ಕೊರತೆಯನ್ನೇ ಸಿಎಜಿ ಎತ್ತಿ ತೋರಿಸಿತ್ತು. ಅದಕ್ಕೆ ಪರಿಹಾರವಾಗಿ 2011ರಲ್ಲಿ ಮಂಡಿಸಿದ್ದ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಗಿತ್ತು. ಎರಡು, ಪುಷ್ಟೀಕರಣ, ಬಳಸಿದ ಇಂಧನದ ಮರುಸಂಸ್ಕರಣೆ, ಅತ್ಯುಗ್ರ ತ್ಯಾಜ್ಯದ ನಿರ್ವಹಣೆ ಇವು ಕೇಂದ್ರ ಸರ್ಕಾರದ ಕೈಯಲ್ಲೇ ಉಳಿದಿವೆ.

ಹಣದ ಮಾತೂ ಇದೆ. ಸ್ಥಾವರಗಳನ್ನು ಮುಂದೊಂದು ದಿನ ಕಳಚಿಹಾಕುವ ಖರ್ಚಿಗೆಂದು ಅಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ 2 ಪೈಸೆ ಸಂಗ್ರಹಿಸುವ ಪದ್ಧತಿ ನಡೆದುಬಂದಿದೆ. ದಶಕಗಳ ಹಿಂದೆ ಗೊತ್ತುಮಾಡಿದ ಈ ದರ ಸಾಲುತ್ತದೆಯೇ ಎಂಬುದನ್ನು 2012ರಲ್ಲೇ ಸಿಎಜಿ ಕೇಳಿತ್ತು. ಕಂಪನಿ ಖಾಸಗಿಯಾದರೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ, ಏಕೆಂದರೆ ಕಂಪನಿಗಳು ಮುಚ್ಚಿಹೋಗುತ್ತವೆ, ಸೀಸಿಯಂ ಮುಚ್ಚಿಹೋಗುವುದಿಲ್ಲ. ಉತ್ಪಾದನೆ ನಡೆಯುತ್ತಿರುವಾಗಲೇ, ಕಂಪನಿಯ ಕೈಗೆ ಸಿಗದ ಪ್ರತ್ಯೇಕ ನಿಧಿಯಲ್ಲಿ ಆ ಹಣ ಇರಬೇಕು.

ಕಾಯ್ದೆ ಬಂದ ಮೇಲೆ ನಿಯಮಾವಳಿಗಳು ಬರುತ್ತವೆ. ಜನರ ಬದುಕಿಗೆ ತಟ್ಟುವುದು ಹೆಚ್ಚಾಗಿ ಅವೇ. 1987ರ ವಿಲೇವಾರಿ ನಿಯಮಗಳ ಜಾಗಕ್ಕೆ ಬರುವ ಹೊಸ ನಿಯಮಗಳಲ್ಲಿ ಮೂರು ಸಂಗತಿ ಇರಲೇಬೇಕೆಂದು ಮೈಸೂರು, ಮಂಡ್ಯದ ಸಂಸದರೂ ಶಾಸಕರೂ ಈಗಲೇ ಕೇಳಬೇಕು. ಮೊದಲನೆಯದು, ಎಲ್ಲ ಹಳೆಯ ಕಾಲೇಜು, ಆಸ್ಪತ್ರೆ, ಮುಚ್ಚಿದ ಕಾರ್ಖಾನೆಗಳ ವಿಕಿರಣ ಮೂಲಗಳನ್ನು ಒಮ್ಮೆ ಜಿಲ್ಲಾವಾರು ಹುಡುಕಿ ಪಟ್ಟಿ ಮಾಡಬೇಕು. ಬಾಟಲಿಯೋ ಯಂತ್ರವೋ ಸಿಕ್ಕಿತೆಂದು ತಾನಾಗಿಯೇ ತಿಳಿಸಿದ ಸಂಸ್ಥೆಗೆ ಶಿಕ್ಷೆ ಬೇಡ, ಸಾಗಣೆಯ ಖರ್ಚನ್ನೂ ಸರ್ಕಾರವೇ ಕೊಡಲಿ. ದಂಡಕ್ಕೆ ಹೆದರಿ ಗುಟ್ಟಾಗಿ ಹೂತುಹಾಕುವುದಕ್ಕಿಂತ ಅದು ಎಷ್ಟೋ ಅಗ್ಗ. ಎರಡನೆಯದು, ಗುಜರಿ ಸಗಟು ವ್ಯಾಪಾರಿಗಳಿಗೂ ಲೋಹ ಕರಗಿಸುವ ಕುಲುಮೆಗಳಿಗೂ ವಿಕಿರಣ ಅಳೆಯುವ ಉಪಕರಣ ಮತ್ತು ತರಬೇತಿ. ಹಳದಿ ಹಿನ್ನೆಲೆಯ ಮೂರು ದಳದ ಚಿಹ್ನೆಯನ್ನು ಫ್ಯಾನಿನ ಚಿತ್ರವೆಂದು ತಿಳಿದವರು ಜಗತ್ತಿನಾದ್ಯಂತ ಇದ್ದಾರೆ. ಆ ಕಾರಣಕ್ಕೇ 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಕೆಂಪು ತ್ರಿಕೋನದ ಹೊಸ ಚಿಹ್ನೆಯನ್ನು ತಂದಿತು. 1970ರ ಯಂತ್ರಗಳ ಮೇಲೆ ಅದು ಇರುವುದಿಲ್ಲ. ಗಾತ್ರಕ್ಕೆ ಮೀರಿದ ತೂಕವಿರುವ, ಒಡೆಯಲಾಗದಂತೆ ಬೆಸೆದ ಸೀಸದ ಪೆಟ್ಟಿಗೆ ಕಂಡರೆ ಮುಟ್ಟದೆ, ದೂರ ಸರಿದು, ಇತರರನ್ನೂ ಸರಿಸಿ, 112ಕ್ಕೆ ಕರೆ ಮಾಡಬೇಕು ಎಂಬುದನ್ನು ಗುಜರಿ ಆಯುವ ಹುಡುಗನಿಗೂ ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಹೇಳಿಕೊಡಬೇಕು.

ಮೂರನೆಯದು ರತ್ನಹಳ್ಳಿಯಂತಹ ಘಟಕಗಳ ಬಗ್ಗೆ. ಒಳಗೆ ಏನು, ಎಷ್ಟು ತಯಾರಾಗುತ್ತದೆ ಎಂಬುದನ್ನು ಯಾರೂ ಕೇಳುತ್ತಿಲ್ಲ. ಬೇಲಿಯ ಹೊರಗಿನ ಬಾವಿ, ಕೆರೆ, ಮಣ್ಣು, ಹಾಲು ಇವುಗಳಲ್ಲಿ ಯುರೇನಿಯಂ ಮತ್ತು ಫ್ಲೋರೈಡ್ ಎಷ್ಟಿದೆ ಎಂಬುದು ರಕ್ಷಣಾ ರಹಸ್ಯವಾಗಬೇಕಿಲ್ಲ. ಆ ಮಾದರಿಗಳನ್ನು ಘಟಕದವರ ಜೊತೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಮೈಸೂರು ವಿಶ್ವವಿದ್ಯಾಲಯವೂ ಸ್ವತಂತ್ರವಾಗಿ ಅಳೆಯಲಿ. ಮೂವರ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಕನ್ನಡದಲ್ಲಿ ಬರೆದು, ವರ್ಷಕ್ಕೆರಡು ಬಾರಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕಕ್ಕೆ ಹಚ್ಚಬೇಕು.